ನಾಲ್ಕನೆಯ ಭಾಷೆಯ ಮೊರೆ

ಬೆಂಗಳೂರಿನವರಿಗೆ ಒಂದು ಸುಖವಿದೆ. ಬೇಡದವರು ಮಾತಿಗೆ ನಿಂತರೆ 'ಕನ್ನಡ್ ಗೊತ್ತಿಲ್ಲ' ಅಂದುಬಿಟ್ಟರಾಯಿತು. ಎಷ್ಟೋ ಮಂದಿ ಅದೊಂದೇ ಮಾತಿನಲ್ಲಿ ಅಲ್ಲಿ ಸಂಸಾರ ತೂಗಿಸಿದ್ದಾರೆ. ಆದೋನಿ ಹತ್ತಿರದ ಪೆದ್ದಹರಿವಾಣಂ ಕಡೆಯ ನಮಗೆ ಆ ಭಾಗ್ಯವಿಲ್ಲ. ಕನ್ನಡ ಬರದು ಅಂದರೆ ಎದುರಿನವನು ತೆಲುಗಿಗೆ ಹೊರಳುತ್ತಾನೆ. ತೆಲುಗೂ ತಿಳಿಯದಂತೆ ಪಿಳಿಪಿಳಿ ನೋಡಿದರೆ, ಆದೋನಿ ಪೇಟೆಯ ಉರ್ದುವಿನಲ್ಲಿ 'ಭಾಯ್' ಎಂದು ಹೆಗಲ ಮೇಲೆ ಕೈ ಹಾಕುತ್ತಾನೆ.

ಅವನದೇನು ತಪ್ಪು? ಬಿಜಾಪುರದವರು, ಮೊಗಲರು, ನಿಜಾಮರು ಆಳಿ ಬಿಟ್ಟ ಸೀಮೆ. 1800ರಲ್ಲಿ ಕುಂಪಣಿ ಪಾಲಾಯಿತು, ಬಳ್ಳಾರಿ ಜಿಲ್ಲೆಯ ತಾಲ್ಲೂಕಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಹೋದರೆ ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ. ಅಣ್ಣತಮ್ಮಂದಿರು ಪಾಲಾದ ಮನೆಯಲ್ಲಿ ಒರಳುಕಲ್ಲು ಯಾರಿಗೂ ಎತ್ತಲಾಗದೆ ಇದ್ದಲ್ಲೇ ಉಳಿಯುವಂತೆ ಭಾಷೆಗಳೆಲ್ಲ ಇಲ್ಲೇ ಉಳಿದವು. ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ನಿಂತು ನೋಡಿ: ಒಬ್ಬನೇ ರೈತ ಹೆಂಡತಿಯ ಹತ್ತಿರ ಕನ್ನಡ, ದಲ್ಲಾಳಿಯ ಹತ್ತಿರ ತೆಲುಗು, ಹಮಾಲರ ಹತ್ತಿರ ಉರ್ದು. ಜಗಳಕ್ಕೆ ಮಾತ್ರ ಮೂರೂ ಬೇಕು.

ಇನ್ನು ನಮ್ಮ ಕನ್ನಡವೋ, ಓಡಿಸುವ ಕೆಲಸಕ್ಕೆ ತೀರಾ ಸಂಕೋಚದ್ದು. 'ತೊಲಗು' ಎಂಬ ಗಂಡುಮಾತು ನಾಟಕದ ದುರ್ಯೋಧನನಿಗೇ ಮೀಸಲು. ಮನೆ ಬಾಗಿಲಲ್ಲಿ 'ಹೋಗು' ಅಂದರೆ ಅಪಶಕುನ, 'ಹೋಗಿ ಬನ್ನಿ' ಅನ್ನಬೇಕು. ಚೀಟಿ ನಡೆಸುವ ನಮ್ಮ ಓಣಿಯ ಪುಣ್ಯಾತ್ಮನಿಗೆ ನಾನೂ ಹಾಗೇ ಅಂದಿದ್ದೆ. ಮಾತು ಮೀರದ ಮನುಷ್ಯ, ಹೋದ, ಬಂದ. ಕಟ್ಟೆಯ ಮೇಲೆ ಚಪ್ಪಲಿ ಕಳಚಿ, ಕಾಲು ಮಡಚಿ, ರಬ್ಬರ್ ಬ್ಯಾಂಡ್ ಸುತ್ತಿದ ಪುಸ್ತಕ ಬಿಚ್ಚಿದನೆಂದರೆ ಒಲೆಯ ಮೇಲಿನ ಹಾಲು ಉಕ್ಕಿದರೂ ಏಳುವವನಲ್ಲ.

ಬೆಂಗಳೂರಿನ ಕಂಪನಿಯಲ್ಲಿರುವ ಅಕ್ಕನ ಮಗ ಫೋನಿನಲ್ಲಿ ಸ್ಪ್ಯಾನಿಷ್ ಕಲಿಯುತ್ತಾನೆ. ಹಬ್ಬಕ್ಕೆ ಬಂದಾಗ ನನ್ನ ಸಂಕಟ ನೋಡಿ, "ಮಾಮಾ, 'ದೇಹಮೆ ಎನ್ ಪಾಸ್' ಅನ್ನು. ನನ್ನ ಪಾಡಿಗೆ ನನ್ನ ಬಿಡು ಅಂತ" ಎಂದು ಬಾಯಿಪಾಠ ಮಾಡಿಸಿದ. ಸ್ಪೇನಿನಿಂದ ಮೆಕ್ಸಿಕೊ, ಅರ್ಜೆಂಟೀನಾದವರೆಗೆ ನಡೆಯುವ ಮಾತಂತೆ. ಅಷ್ಟು ದೂರ ನಡೆಯುವುದು ನಮ್ಮ ಕಟ್ಟೆಯ ಮೇಲೆ ನಡೆಯದೆ ಹೋದೀತೇ ಎಂದು ನಾನು ಸ್ನಾನದ ಮನೆಯಲ್ಲೂ ಸಾಧನೆ ಮಾಡಿದೆ. ಮೋರಿ ಕಡೆಯಿಂದ ನನ್ನಾಕೆ, "ಯಾವ ದೇವರದು ರೀ ಇದು?" ಎಂದು ಕೇಳಿದಳು.

ಚೀಟಿಯವನು ಬಂದ. ನಾನು ಕಣ್ಣು ಕೆಂಪಗೆ ಮಾಡಿಕೊಂಡು ಪ್ರಯೋಗಿಸಿದೆ.

ಅವನ ಮುಖ ಅರಳಿತು. ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟ.

"ಸಾರ್, ಇದ್ಯಾವ ಭಾಷೆ? ಇನ್ನೊಂದ್ಸಲ ಅನ್ರಿ."

ಹೇಳಿದೆ. ಅರ್ಥ ಕೇಳಿದ. ಅದನ್ನೂ ಹೇಳಿದೆ, ಸ್ವಲ್ಪ ಒತ್ತಿಯೇ ಹೇಳಿದೆ. ಅವನಿಗೆ ಮುಟ್ಟಲಿಲ್ಲ. "ಬಲೇ ಐತಲ್ರೀ! ನಮ್ಮ ಅಳಿಯ ದಿನಾ ಫೋನ್ ಮಾಡಿ ಬೈಕು ಬೈಕು ಅಂತ ತಲೆ ತಿಂತಾನ, ಅವನಿಗೆ ಅನ್ನಾಕ ಬೇಕಿತ್ತು" ಎಂದು ಇನ್ನಷ್ಟು ಹತ್ತಿರ ಸರಿದು ಕೂತ. ಆಮೇಲೆ ಹುಬ್ಬು ಗಂಟಿಕ್ಕಿ, "ಅಳಿಯಂದ್ರಿಗೆ ಏಕವಚನ ಆಗಂಗಿಲ್ಲಲ್ರೀ?" ಅಂದ.

ಒಳಗಿದ್ದ ಹುಡುಗ ಕೂಗಿದ: ಮರ್ಯಾದೆಗೆ 'ದೇಹೆಮೆ' ಅನ್ನಬೇಕು. ಸ್ಪ್ಯಾನಿಷಿನಲ್ಲೂ ನೀನು ಬೇರೆ, ನೀವು ಬೇರೆಯಂತೆ.

ಚೀಟಿಯವನು ನಿಟ್ಟುಸಿರಿಟ್ಟು ಪುಸ್ತಕದ ಕೊನೆಯ ಹಾಳೆ ತೆಗೆದ. ಮನೆಮಾತು ಕನ್ನಡ, ಓದಿದ್ದು ತೆಲುಗು ಶಾಲೆ. ನಾನು ಹೇಳಿದ್ದನ್ನು ದುಂಡನೆಯ ತೆಲುಗಕ್ಷರದಲ್ಲಿ ಬರೆದುಕೊಂಡ. ಬರೆದು ಮುಗಿಸಿ ಒಳಗಡೆ ನೋಡಿ, "ಅಕ್ಕಾ, ಚಾ ಇಟ್ಟೀರೇನು? ಸಕ್ರಿ ಕಮ್ಮಿ" ಅಂದ.