ಕೈಬೀಸಿಕೊಂಡು ನಡೆಯುವ ಮಹನೀಯರಿಗೆ ಒಂದು ಬಹಿರಂಗ ಪತ್ರ

ವಿಮಾನ ನಿಲ್ದಾಣ, ಹೆದ್ದಾರಿ, ರೈಲುಮಾರ್ಗ ಮತ್ತು ಬಸ್ ಸಂಚಾರಗಳ ನಕ್ಷೆ ಬರೆಯುವ, ಬರೆಸುವ, ಅದಕ್ಕೆ ರುಜು ಹಾಕುವ ಹಾಗೂ ಕೊನೆಗೆ ಟೇಪು ಕತ್ತರಿಸುವ ಸಮಸ್ತ ಮಹನೀಯರ ಸನ್ನಿಧಾನಕ್ಕೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಲಗೇಜುಧಾರಿ ಪ್ರಜೆಗಳ ಪರವಾಗಿ ನಮಸ್ಕಾರಗಳು. ಕೈ ಜೋಡಿಸಲು ಸೂಟ್‌ಕೇಸುಗಳನ್ನು ಕೆಳಗಿಡಬೇಕಾಯಿತು; ಆದ್ದರಿಂದ ನಮಸ್ಕಾರ ಸ್ವಲ್ಪ ತಡವಾಗಿದ್ದರೆ ಕ್ಷಮಿಸಬೇಕು.

ತಾವು ಕೈಬೀಸಿಕೊಂಡು ನಡೆಯುವವರು. ತಮ್ಮ ಪೆಟ್ಟಿಗೆಯನ್ನು ಚಾಲಕರೋ ಆಪ್ತ ಸಹಾಯಕರೋ ಗನ್‌ಮ್ಯಾನೋ ಹಿಡಿದು ಮುಂದೆ ಹೋಗಿರುತ್ತಾರೆ. ಇದು ದೂರಲ್ಲ; ಹುದ್ದೆಗೆ ತಕ್ಕ ಮರ್ಯಾದೆ ಇರಲೇಬೇಕು. ಆದರೆ ಇದರಿಂದ ತಮ್ಮ ಯೋಜನಾ ವರದಿಗಳಲ್ಲಿ ಒಂದು ಸಣ್ಣ ಅಂಕಣ ಬಿಟ್ಟುಹೋಗಿದೆ. ಎಷ್ಟು ಕಿಲೋಮೀಟರ್, ಎಷ್ಟು ಗಂಟೆ, ಎಷ್ಟು ಕೋಟಿ ಎಂಬುದೆಲ್ಲ ಅಲ್ಲಿದೆ. ಪ್ರಯಾಣಿಕ ತನ್ನ ಗಂಟನ್ನು ಎಷ್ಟು ಸಲ ಎತ್ತಬೇಕು, ಎಷ್ಟು ಸಲ ಇಳಿಸಬೇಕು ಎಂಬ ಲೆಕ್ಕ ಮಾತ್ರ ಇಲ್ಲ. ಕೈಯಲ್ಲಿ ಭಾರವಿದ್ದವನಿಗೆ ಪ್ರಯಾಣ ಎಂದರೆ ಇದೊಂದೇ ಲೆಕ್ಕ. ಸೀಟಿನಲ್ಲಿ ಕೂತ ಮೇಲೆ ನೂರು ಕಿಲೋಮೀಟರ್ ಆದರೇನು, ನೂರೈವತ್ತಾದರೇನು, ಬೆನ್ನಿಗೆ ಅದರ ಪರಿವೆ ಇಲ್ಲ. ಬೆನ್ನು ಬಲ್ಲದ್ದು ಒಂದು ವಾಹನದಿಂದ ಇನ್ನೊಂದು ವಾಹನಕ್ಕೆ ದಾಟುವ ಇಪ್ಪತ್ತು ಹೆಜ್ಜೆಗಳನ್ನು.

ಕಾಗದದ ಮೇಲೆ ಲೆಕ್ಕ ಹಾಕೋಣ. ದೂರದ ವಿದೇಶದಿಂದ ಬರುವವರಿಗೆ ಅನೇಕ ವಿಮಾನ ಕಂಪನಿಗಳು ತಲಾ 23 ಕೆ.ಜಿ.ಯ ಎರಡು ಪೆಟ್ಟಿಗೆಗಳನ್ನು ಒಪ್ಪುತ್ತವೆ. ಅಂಥ ಎರಡು ಪೆಟ್ಟಿಗೆ ಹಿಡಿದ ಒಬ್ಬರು ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿದು, ಎಚ್.ಡಿ. ಕೋಟೆಯ ಒಂದು ವಸತಿಗೃಹಕ್ಕೆ ಹೋಗಬೇಕು ಎಂದಿಟ್ಟುಕೊಳ್ಳಿ. ಬೆಲ್ಟಿನಿಂದ ಟ್ರಾಲಿಗೆ ಒಂದು ಸಲ, ಟ್ರಾಲಿಯಿಂದ ಮೈಸೂರಿಗೆ ಹೋಗುವ ಫ್ಲೈಬಸ್ಸಿನ ಡಿಕ್ಕಿಗೆ ಇನ್ನೊಂದು ಸಲ, ಮೈಸೂರಿನ ಸಬರ್ಬನ್ ನಿಲ್ದಾಣದಲ್ಲಿ ಡಿಕ್ಕಿಯಿಂದ ಹೊರಕ್ಕೆ, ಅಲ್ಲಿಂದ ಕೋಟೆಯ ಕೆಂಪು ಬಸ್ಸಿನ ಮೆಟ್ಟಿಲ ಮೇಲಕ್ಕೆ, ಕೋಟೆಯಲ್ಲಿ ಮೆಟ್ಟಿಲಿಂದ ಕೆಳಕ್ಕೆ, ಆಟೋದೊಳಕ್ಕೆ, ಕೊನೆಗೆ ಆಟೋದಿಂದ ವಸತಿಗೃಹದ ಜಗಲಿಗೆ. ಏಳು ಸಲವಾಯಿತು. ಪೆಟ್ಟಿಗೆ ಎರಡಿರುವುದರಿಂದ ಹದಿನಾಲ್ಕು. ಹದಿನಾಲ್ಕನ್ನು 23ರಿಂದ ಗುಣಿಸಿದರೆ 322 ಕೆ.ಜಿ. ಅಂದರೆ ಮೂರು ಕ್ವಿಂಟಾಲಿಗೂ ಮಿಕ್ಕ ಹಮಾಲಿ ಕೆಲಸವನ್ನು, ರಾತ್ರಿಯಿಡೀ ನಿದ್ದೆಗೆಟ್ಟು ಬಂದ ಪ್ರಯಾಣಿಕ, ಕೂಲಿಯಿಲ್ಲದೆ, ತಾನೇ ಟಿಕೆಟ್ ದುಡ್ಡು ಕೊಟ್ಟು ಮಾಡಿದಂತಾಯಿತು. ಅದೇ ಒಂದೇ ವಾಹನ ನೇರ ಬಾಗಿಲಿಗೆ ಹೋಗಿದ್ದರೆ ಎತ್ತಿಳಿಸುವುದು ಮೂರೇ ಸಲ, 138 ಕೆ.ಜಿ. ದೂರ ಎರಡರಲ್ಲೂ ಒಂದೇ. ತಮ್ಮ ವರದಿಯ ಕಣ್ಣಿಗೆ ಇವೆರಡೂ ಒಂದೇ ಪ್ರಯಾಣ.

ತಾವೇನೂ ಮಾಡಿಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. 2008ರಲ್ಲಿ ದೇವನಹಳ್ಳಿಯ ನಿಲ್ದಾಣ ಬಂತು. 2022ರ ನವೆಂಬರಿನಲ್ಲಿ ಬಿದಿರು ಹೊದ್ದ, ತೂಗುಗಿಡಗಳ ಎರಡನೇ ಟರ್ಮಿನಲ್ಲಿನ ಉದ್ಘಾಟನೆಯಾಯಿತು. ಮರುವರ್ಷದ ಸೆಪ್ಟೆಂಬರಿನಿಂದ ವಿದೇಶೀ ವಿಮಾನಗಳಿಗೂ ಅದೇ ಬಾಗಿಲು. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ದಶಪಥವಾಗಿ ಲೋಕಾರ್ಪಣೆಗೊಂಡಿತು. ಎಲ್ಲವೂ ಉದ್ದವನ್ನು ಕುಗ್ಗಿಸುವ ಕೆಲಸ. ಆದರೆ ನೋವಿರುವುದು ಉದ್ದದಲ್ಲಲ್ಲ, ವಾಹನ ಬದಲಿಸುವ ಕೀಲುಗಳಲ್ಲಿ. ಟರ್ಮಿನಲ್ಲಿನ ನುಣುಪು ನೆಲದ ಮೇಲೆ ನಾಲ್ಕು ಚಕ್ರದ ಸೂಟ್‌ಕೇಸು ಬೆರಳು ಸೋಕಿದರೆ ಸಾಕು ಓಡುತ್ತದೆ; ತಾಲ್ಲೂಕು ಬಸ್ ನಿಲ್ದಾಣದ ಜಲ್ಲಿ ಕಂಡೊಡನೆ ಅದೇ ಸೂಟ್‌ಕೇಸು ಹಟ ಹಿಡಿದು ನಿಲ್ಲುತ್ತದೆ. ಟ್ರಾಲಿಯ ರಾಜ್ಯ ಟರ್ಮಿನಲ್ಲಿನ ಕಟ್ಟೆಗೇ ಮುಗಿಯಿತು. ಆ ಕಟ್ಟೆಯಿಂದಾಚೆಗೆ ತಾವು ಕೊಟ್ಟಿರುವುದು ವೇಗ. ಮೈಸೂರನ್ನು ಬೇಗ ತಲುಪಿ, ಅಲ್ಲಿ ಕೋಟೆಯ ಬಸ್ಸಿಗಾಗಿ ಪೆಟ್ಟಿಗೆಯ ಮೇಲೇ ಕೂತು ಕಾಯುವ ಸೌಭಾಗ್ಯ.

ಭಾರದ ವಿಷಯದಲ್ಲಿ ಲೋಕಕ್ಕೆ ಕರುಣೆಯೇ ಇಲ್ಲವೆಂದಲ್ಲ. ಒಂದು ಪೆಟ್ಟಿಗೆ 32 ಕೆ.ಜಿ. ಮೀರಬಾರದು ಎಂಬ ನಿಯಮ ವಿಮಾನಯಾನದಲ್ಲಿದೆ. ಅದು ನಿಲ್ದಾಣದಲ್ಲಿ ಪೆಟ್ಟಿಗೆ ಎತ್ತುವ ಕೆಲಸಗಾರರ ಬೆನ್ನಿನ ರಕ್ಷಣೆಗೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ವಯಸ್ಕ ಪುರುಷ ಕೆಲಸಗಾರ ಹೊರುವ ಭಾರ 55 ಕೆ.ಜಿ. ದಾಟದಿರಲಿ ಎಂದು ಶಿಫಾರಸು ಮಾಡಿತು. ಕೆಲಸಗಾರನ ಬೆನ್ನು ಕಾನೂನಿನ ಕಣ್ಣಿಗೆ ಬಿದ್ದಿದೆ, ಸಂತೋಷ. ಪ್ರಯಾಣಿಕನದೂ ಬೆನ್ನೇ ಎಂಬುದು ಇನ್ನೂ ಬೀಳಬೇಕು. ನಮ್ಮ ರಸ್ತೆ ಸಾರಿಗೆ ನಿಗಮ 30 ಕೆ.ಜಿ. ಲಗೇಜನ್ನು ಉಚಿತವಾಗಿ ಬಿಡುತ್ತದೆ, ಉದಾರವೇ. ಆದರೆ ಆ ಮೂವತ್ತು ಕೆ.ಜಿ. ಎಲ್ಲಿ ಕೂರಬೇಕು? ಬಾನೆಟ್ ಪಕ್ಕದಲ್ಲಿ, ಇಲ್ಲವೇ ನಿಂತವರ ಮೊಣಕಾಲಿನ ಮುಂದೆ. 2024ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಬಸ್ಸಿನಲ್ಲಿ ನಾಲ್ಕು ಲವ್ ಬರ್ಡ್ಸ್‌ಗೆ 444 ರೂಪಾಯಿ ಟಿಕೆಟ್ ಹರಿದ ಸುದ್ದಿ ನಾಡೆಲ್ಲ ನಕ್ಕ ಸುದ್ದಿ. ರೆಕ್ಕೆಯಿರುವ, ಗ್ರಾಂ ಲೆಕ್ಕದಲ್ಲಿ ತೂಗುವ ಜೀವಿಗಳನ್ನೂ ಗುರುತಿಸಿದ ಆ ಸೂಕ್ಷ್ಮದೃಷ್ಟಿ 46 ಕೆ.ಜಿ.ಯ ಜಡವಸ್ತುವಿನ ಕಡೆ ತಿರುಗಲಿ ಎಂಬುದಷ್ಟೇ ಪ್ರಾರ್ಥನೆ. ಇನ್ನು 2023ರ ಜೂನ್ 11ರಿಂದ ಬಂದ ಶಕ್ತಿ ಯೋಜನೆ. ಸಾಮಾನ್ಯ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಉಚಿತ, ಫ್ಲೈಬಸ್ಸಿನಂಥ ಐಷಾರಾಮಿ ಬಸ್ಸಿಗೆ ಅನ್ವಯವಿಲ್ಲ. ಅಂದರೆ ಡಿಕ್ಕಿ ಇರುವ ಬಸ್ಸಿಗೆ ದುಡ್ಡು, ದುಡ್ಡಿಲ್ಲದ ಬಸ್ಸಿಗೆ ಡಿಕ್ಕಿಯಿಲ್ಲ. ಯೋಜನೆಯ ಹೆಸರನ್ನು ಬಹಳ ಯೋಚಿಸಿಯೇ ಇಟ್ಟಿರಬೇಕು.

ತಮ್ಮ ಉತ್ತರಗಳು ಗೊತ್ತು. ಮೊದಲನೆಯದು, ಲಗೇಜು ಕಡಿಮೆ ತನ್ನಿ. ಇದು ಹಸಿದವನಿಗೆ ಉಪವಾಸದ ಮಹಿಮೆ ಹೇಳಿದಂತೆ. ಎರಡು ವರ್ಷದ ಓದಿಗೆ ಹೊರಟ ಹುಡುಗಿ, ಕೊಲ್ಲಿಯಲ್ಲಿ ದುಡಿದು ಮರಳುವ ಮೇಸ್ತ್ರಿ, 1961ರಿಂದ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ನೆಲೆಸಿರುವ ಟಿಬೆಟನ್ ಕುಟುಂಬಗಳ ಹೊರದೇಶದ ನೆಂಟರು, ಇವರ ಪೆಟ್ಟಿಗೆಯಲ್ಲಿರುವುದು ಒಬ್ಬರ ಸಾಮಾನಲ್ಲ; ಒಂದು ಮನೆಯದು, ಕೆಲವು ಸಲ ಇಡೀ ಬೀದಿಯದು. ಎರಡನೆಯದು, ಟ್ಯಾಕ್ಸಿ ಇದೆಯಲ್ಲ. ಇದೆ. ಕೋಟೆಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ, ಬಾಡಿಗೆ ಹೋಗಿ ಬರುವ ಎರಡೂ ಕಡೆಯ ಲೆಕ್ಕದಲ್ಲಿ; ಡಿಕ್ಕಿ ತೆರೆದರೆ ಸಿ.ಎನ್.ಜಿ. ಸಿಲಿಂಡರ್ ನಮಗಿಂತ ಮೊದಲೇ ಬಂದು ಮಲಗಿರುತ್ತದೆ. ಕಬಿನಿ ಹಿನ್ನೀರಿನ ಕಾರಾಪುರದ ರೆಸಾರ್ಟುಗಳ ಅತಿಥಿಗಳಿಗೆ ಈ ಬಾಡಿಗೆ ದೊಡ್ಡದಲ್ಲ, ಅವರ ಪೆಟ್ಟಿಗೆಗೆ ಜಗಲಿಯಲ್ಲಿ ಆಳೂ ಕಾದಿರುತ್ತಾನೆ. ಅದೇ ತಾಲ್ಲೂಕಿಗೆ ಹೋಗುವ ಮಿಕ್ಕವರ ಮಾತು ನಮ್ಮದು.

ಮೂರನೆಯದು ಮಂಡಕಳ್ಳಿ. ಮೈಸೂರಿಗೇ ವಿಮಾನ ನಿಲ್ದಾಣವಿದೆ, ರನ್‌ವೇ ಉದ್ದವಾಗಲಿ, ಎಲ್ಲ ಸರಿಹೋಗುತ್ತದೆ ಎನ್ನುತ್ತೀರಿ. 2010ರಲ್ಲಿ ಹೊಸ ರೂಪದಲ್ಲಿ ತೆರೆದ ಅದರ ರನ್‌ವೇ 1,740 ಮೀಟರ್, ಎ.ಟಿ.ಆರ್.ನಂಥ ಪುಟ್ಟ ವಿಮಾನಗಳಿಗೆ ಸಾಕು, ಸಾಗರ ದಾಟಿ ಬರುವ ಹೆಬ್ಬಕ್ಕಿಗಳಿಗೆ ಅಲ್ಲ. ಹಾಗಾಗಿ ಮತ್ತೆ ಎಲ್ಲೋ ಇಳಿದು ವಿಮಾನ ಬದಲಿಸಬೇಕು. ದೇಶದೊಳಗಿನ ಹಾರಾಟಕ್ಕೆ ಬೇರೆ ಟಿಕೆಟ್ ಕೊಂಡಿದ್ದರೆ ಸಾಮಾನ್ಯವಾಗಿ 15 ಕೆ.ಜಿ. ಮಾತ್ರ, ಮಿಕ್ಕದ್ದಕ್ಕೆ ದಂಡ. ರನ್‌ವೇ ಬೆಳೆಯಲಿ, ಬೇಡವೆಂದವರಾರು? ಆದರೆ ಅದು ಬೆಳೆದ ದಿನವೂ ಮಂಡಕಳ್ಳಿಯಿಂದ ಹುಣಸೂರಿಗೆ ಐವತ್ತು ಕಿಲೋಮೀಟರ್ ಉಳಿದೇ ಇರುತ್ತದೆ, ಕೀಲುಗಳ ಸಮೇತ. ನಾಲ್ಕನೆಯದಾದ ರೈಲಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನಮ್ಮ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಕೆ.ಆರ್. ನಗರಕ್ಕೆ ಮಾತ್ರ ರೈಲು ನಿಲ್ದಾಣವಿದೆ. ಮೈಸೂರು–ಕುಶಾಲನಗರ ಮಾರ್ಗದ 87 ಕಿಲೋಮೀಟರ್ ಹುಣಸೂರು, ಪಿರಿಯಾಪಟ್ಟಣಗಳ ಮೇಲೆ ಹಾಯುವುದು ಸದ್ಯಕ್ಕೆ ನಕ್ಷೆಯಲ್ಲಿ.

ಗಟ್ಟಿ ಆಕ್ಷೇಪಣೆ ಒಂದಿದೆ, ಅದನ್ನು ನಗೆಯಲ್ಲಿ ತೇಲಿಸಲಾಗದು. ತಾಲ್ಲೂಕಿಗೊಂದು ವಿಮಾನ ನಿಲ್ದಾಣದ ಬಸ್ ಬಿಟ್ಟರೆ ಅರ್ಧ ಸೀಟು ಖಾಲಿ ಓಡುತ್ತದೆ, ನಷ್ಟ ಹೊರುವವರು ಯಾರು ಎಂಬುದು. ಒಪ್ಪಿದೆವು. ತಾಲ್ಲೂಕಿಗೊಂದು ಬಸ್ಸು ಬೇಡ. ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ ಮೂರೂ ಒಂದೇ 275ನೇ ಹೆದ್ದಾರಿಯಲ್ಲಿ ಸಾಲಾಗಿ ಕೂತಿವೆ. ಮೈಸೂರಿಗೆ ಬರುವ ಫ್ಲೈಬಸ್ಸುಗಳಲ್ಲಿ ಕೆಲವನ್ನು ಅದೇ ರಸ್ತೆಯಲ್ಲಿ ಮುಂದೆ ಬಿಟ್ಟು ಈ ಊರುಗಳಲ್ಲಿ ನಿಲ್ಲಿಸಿದರೆ ಎರಡು ತಾಲ್ಲೂಕಿನ ಕೀಲುನೋವು ಕಳೆದಂತೆ. ಕೋಟೆಗೂ ಕೆ.ಆರ್. ನಗರಕ್ಕೂ ಬಸ್ಸೇ ಬೇಕಿಲ್ಲ, ಪೆಟ್ಟಿಗೆ ಹೋದರೆ ಸಾಕು. ಅದಕ್ಕೆ ಬೇಕಾದ ಯಂತ್ರ ತಮ್ಮಲ್ಲೇ ಇದೆ. 2021ರ ಫೆಬ್ರುವರಿಯಲ್ಲಿ ನಿಗಮ ‘ನಮ್ಮ ಕಾರ್ಗೋ’ ಶುರುಮಾಡಿ ಬಸ್ಸಿನ ಡಿಕ್ಕಿಯಲ್ಲಿ ಪಾರ್ಸೆಲ್ ಸಾಗಿಸುತ್ತಿದೆ. ಇಲ್ಲಿಯ ತಮಾಷೆ ನೋಡಿ: ಒಡೆಯ ಜೊತೆಯಲ್ಲಿಲ್ಲದ ಗಂಟಿಗೆ ರಸೀದಿ ಇದೆ, ಎತ್ತುವ ಆಳಿದೆ, ತಲುಪಿಸುವ ಹೊಣೆಯಿದೆ. ಒಡೆಯ ಜೊತೆಯಲ್ಲಿದ್ದರೆ ಅದೇ ಗಂಟು ಅವನ ಪ್ರಾರಬ್ಧ. ಪಿರಿಯಾಪಟ್ಟಣದ ಹರಾಜು ಮಾರುಕಟ್ಟೆಯಿಂದ ಹೊರಟ ಹೊಗೆಸೊಪ್ಪಿನ ಮೂಟೆಗೂ ಇದಕ್ಕಿಂತ ಗೌರವ ಸಿಗುತ್ತದೆ; ನೀನೇ ಇಳಿದು ಇನ್ನೊಂದು ಲಾರಿ ಹತ್ತು ಎಂದು ಅದಕ್ಕೆ ಯಾರೂ ಹೇಳುವುದಿಲ್ಲ.

ಟರ್ಮಿನಲ್ಲಿನ ಬಾಗಿಲಲ್ಲಿ ಕಾರ್ಗೋದ ಒಂದು ಕಿಟಕಿ ತೆರೆಯಿರಿ. ಪೆಟ್ಟಿಗೆಗೆ ಚೀಟಿ ಅಂಟಿಸಿ, ಶುಲ್ಕ ಪಡೆಯಿರಿ, ಪುಕ್ಕಟೆ ಕೇಳುತ್ತಿಲ್ಲ. ಮರುದಿನ ಕೋಟೆಯ ಡಿಪೋದಲ್ಲೋ ವಸತಿಗೃಹದಲ್ಲೋ ತಲುಪಿಸಿ. ಜಪಾನಿನಲ್ಲಿ 1976ರಲ್ಲಿ ಯಮಾಟೊ ಎಂಬ ಕಂಪನಿ ಶುರುಮಾಡಿದ ಮನೆಬಾಗಿಲ ಪಾರ್ಸೆಲ್ ಸೇವೆ ಈಗ ವಿಮಾನ ನಿಲ್ದಾಣದಿಂದ ಹೋಟೆಲಿಗೂ ಪೆಟ್ಟಿಗೆ ಒಯ್ಯುತ್ತದೆ. ಅಲ್ಲಿ ಸಾಮಾನ್ಯ ಪ್ರಜೆಯೂ ತಮ್ಮ ಹಾಗೆ ಕೈಬೀಸಿಕೊಂಡು ರೈಲು ಹತ್ತುತ್ತಾನೆ. ಕಳೆದುಹೋದರೆ ಎನ್ನುತ್ತೀರಾ? ಕಾರ್ಗೋದ ಪಾರ್ಸೆಲ್ಲುಗಳಿಗೆ ತಾವು ಕೊಡುವ ಭರವಸೆಯನ್ನೇ ಕೊಡಿ, ಹೆಚ್ಚು ಬೇಡ.

ಇಷ್ಟಾದರೂ ಮನಸ್ಸು ಒಪ್ಪದಿದ್ದರೆ ಒಂದು ಪರೀಕ್ಷೆ. ಮುಂದಿನ ಟೇಪು ಕತ್ತರಿಸುವ ಮೊದಲು ತಮ್ಮಲ್ಲೊಬ್ಬರು 23 ಕೆ.ಜಿ.ಯ ಎರಡು ಪೆಟ್ಟಿಗೆಗಳೊಂದಿಗೆ ಎರಡನೇ ಟರ್ಮಿನಲ್ಲಿನಿಂದ ಎಚ್.ಡಿ. ಕೋಟೆಗೆ ಬಸ್ಸಿನಲ್ಲೇ ಬರಬೇಕು. ಗನ್‌ಮ್ಯಾನ್ ಜೊತೆಗಿರಬಹುದು, ಪೆಟ್ಟಿಗೆ ಮುಟ್ಟುವಂತಿಲ್ಲ. ಸಂತೆಯ ದಿನ ಆರಿಸಿಕೊಂಡರೆ ಇನ್ನೂ ಒಳ್ಳೆಯದು. ಕೋಟೆಯ ನಿಲ್ದಾಣದಲ್ಲಿ ಹಾರ ಹಿಡಿದು ಕಾಯುತ್ತೇವೆ. ಹಾರ ಹಾಕಿಸಿಕೊಳ್ಳುವಾಗ ಪೆಟ್ಟಿಗೆಯನ್ನು ಎಲ್ಲಿಡಬೇಕೆಂಬುದನ್ನು ತಾವೇ ತೀರ್ಮಾನಿಸಬೇಕು.

ಇತಿ,
ಎರಡೂ ಕೈಗಳಲ್ಲಿ ಹಿಡಿಕೆಯುಳ್ಳ,
ತಮ್ಮ ವಿಧೇಯ ಪ್ರಜೆ