ಯಜಮಾನರು ಬೆಳ್ಳುಳ್ಳಿ ಸುಟ್ಟರು

ಬೆಂಗಳೂರಿನ ಮಧ್ಯಮ ವರ್ಗದ ಗಂಡಸು ಕೊನೆಗೂ ಅಡುಗೆಮನೆಗೆ ಕಾಲಿಟ್ಟಿದ್ದಾನೆ. ಸುಧಾರಕರ ಭಾಷಣಕ್ಕೆ ಬಗ್ಗದವನು, ಹೆಂಡತಿಯ ನಿಟ್ಟುಸಿರಿಗೆ ಕರಗದವನು, ಲಾಕ್‌ಡೌನಿನಲ್ಲಿ ನಾಲ್ಕು ದಿನ ಡಾಲ್ಗೋನಾ ಕಾಫಿ ಕಲಕಿ ತೋಳು ನೋವೆಂದು ಸೋಫಾಕ್ಕೆ ಮರಳಿದವನು ಈಗ ತಾನಾಗಿಯೇ ಎದ್ದು ಬಂದಿದ್ದಾನೆ. ಅವನನ್ನು ಕರೆತಂದ ಕೀರ್ತಿ ಏರ್ ಫ್ರೈಯರಿಗೆ ಸಲ್ಲಬೇಕು. ಹಬ್ಬದ ಆಫರಿನಲ್ಲಿ ಕಂತಿನ ಮೇಲೆ ಬಂದು, ಮಿಕ್ಸಿಯನ್ನು ಮೂಲೆಗೆ ತಳ್ಳಿ ಕಟ್ಟೆಯ ಮೇಲೆ ಪಟ್ಟಾಗಿ ಕೂತ ಆ ಕಪ್ಪು ಡಬ್ಬಿ, ಎಷ್ಟೋ ಚಳವಳಿಗಳ ಕೈಲಾಗದ್ದನ್ನು ಮಾಡಿ ತೋರಿಸಿದೆ.

ಹಾಗೆಂದು ಆಸೆ ಇಟ್ಟುಕೊಳ್ಳಬೇಡಿ. ಅಕ್ಕಿ ತೊಳೆಯುವುದು, ಸಾರಿಗೆ ಬೇಳೆ ಇಡುವುದು, ಹಾಲು ಉಕ್ಕದಂತೆ ಕಾಯುವುದು ಇವೆಲ್ಲ ದಿನಬಳಕೆಯ ಕೆಲಸಗಳು. ಅವಕ್ಕೆ ಮನೆಯಲ್ಲಿ ಜನ ಇದ್ದಾರೆ. ಯಜಮಾನರು (ಇಂಥ ಕ್ರಾಂತಿ ಮಾಡಿದವನನ್ನು ಇನ್ನು ಏಕವಚನದಲ್ಲಿ ಕರೆಯುವುದು ಸರಿಯಲ್ಲ) ಬರುವುದು ಬೆಳ್ಳುಳ್ಳಿ ಸುಡಲು. ಭಾನುವಾರಕ್ಕೊಮ್ಮೆ, ಒಂದೇ ಒಂದು ಗಡ್ಡೆ.

‘ಲೇ, ಬೆಳ್ಳುಳ್ಳಿ ಎಲ್ಲಿಟ್ಟಿದ್ದೀಯ?’ ಎಂಬಲ್ಲಿಂದ ಶುರು. ಮದುವೆಯಾದಾಗಿನಿಂದ ಅದು ಈರುಳ್ಳಿಯ ಪಕ್ಕದ ಬುಟ್ಟಿಯಲ್ಲೇ ಇದೆ. ಆಮೇಲೆ ‘ಚಾಕು?’, ‘ಫಾಯಿಲ್?’, ‘ಆಲಿವ್ ಎಣ್ಣೆ?’ ಎಂದು ತಲೆ ಎತ್ತದೆ ಕೈ ಚಾಚುತ್ತಾರೆ, ಆಪರೇಷನ್ ಥಿಯೇಟರಿನಲ್ಲಿ ದೊಡ್ಡ ಡಾಕ್ಟರು ಚಾಚಿದ ಹಾಗೆ. ಹೆಂಡತಿ ಒಗ್ಗರಣೆ ಸೌಟು ಕೆಳಗಿಟ್ಟು ಒಂದೊಂದೇ ತಂದು ಆ ಕೈಯಲ್ಲಿಡುತ್ತಾಳೆ. ನಂತರ ಪ್ಲಗ್ಗಿನ ಪ್ರಶ್ನೆ. ಯಂತ್ರ 1500 ವಾಟಿನದು. ಮಾಮೂಲಿ 6 ಆಂಪಿಯರ್ ಪಾಯಿಂಟು ಇದನ್ನು ತಡೆಯುವುದಿಲ್ಲ. 16 ಆಂಪಿಯರಿನದು ಅಡುಗೆಮನೆಯಲ್ಲಿರುವುದೇ ಒಂದು, ಅದರಲ್ಲಿ ಮೈಕ್ರೊವೇವ್ ಇದೆ, ಮೈಕ್ರೊವೇವಿನೊಳಗೆ ನಿನ್ನೆಯ ಸಾರಿದೆ. ಪ್ಲಗ್ ಕೀಳಲಾಗುತ್ತದೆ. ಕಾಯುತ್ತಿದ್ದ ಸಾರು ಈಗ ತನ್ನ ಸರದಿಗಾಗಿ ಕಾಯುತ್ತದೆ.

ಯಂತ್ರದೊಳಗೆ ಮಂತ್ರವೇನೂ ಇಲ್ಲ. ಮೇಲೊಂದು ಕಾಯಿಲ್, ಅದಕ್ಕೊಂದು ಫ್ಯಾನ್. ಕಾಯಿಲ್ ಕೆಂಪಗಾಗುತ್ತದೆ, ಫ್ಯಾನು ಆ ಬಿಸಿಗಾಳಿಯನ್ನು ಬುಟ್ಟಿಯ ಸುತ್ತ ರಭಸದಿಂದ ತಿರುಗಿಸುತ್ತದೆ. ಬೇಕರಿಯ ಫ್ಯಾನ್ ಓವನ್ನನ್ನೇ ಮನೆಗೆ ತಕ್ಕಷ್ಟು ಚಿಕ್ಕದು ಮಾಡಿದ್ದಾರೆ. 2010ರಲ್ಲಿ ಫಿಲಿಪ್ಸ್ ಕಂಪನಿ ಬರ್ಲಿನ್ನಿನ ಎಲೆಕ್ಟ್ರಾನಿಕ್ಸ್ ಮೇಳದಲ್ಲಿ ಇದನ್ನು ಜಗತ್ತಿಗೆ ತೋರಿಸಿದ್ದು, ಎಣ್ಣೆ ಸುರಿಯದೆ ಆಲೂಗಡ್ಡೆಯನ್ನು ಗರಿಗರಿ ಮಾಡಬಹುದು ಎಂದು. ಯಜಮಾನರೂ ಕೊಂಡದ್ದು ಆ ಕಾರಣಕ್ಕೇ. ಲಿಪಿಡ್ ಪ್ರೊಫೈಲ್ ರಿಪೋರ್ಟು ಬಂದ ವಾರ.

ಆದರೆ ಬೆಳ್ಳುಳ್ಳಿಗೆ ಎಣ್ಣೆ ಬೇಕು. ಒಳಗೆ ಬೀಸುವುದು ಒಣಗಾಳಿ. ಎಣ್ಣೆಯಿಲ್ಲದೆ ಬರಿಗಡ್ಡೆಯನ್ನು ಇಟ್ಟರೆ ಎಸಳು ಬೇಯುವ ಮೊದಲು ಸುರುಟಿ, ಅಂಚು ಕರಕಲಾಗಿ ಕಹಿಯಾಗುತ್ತದೆ. ಆದ್ದರಿಂದ ಗಡ್ಡೆಯ ನೆತ್ತಿ ಕತ್ತರಿಸಿ, ಎಸಳುಗಳ ತಲೆ ಕಾಣುವಂತೆ ಮಾಡಿ, ಚಮಚ ಎಣ್ಣೆ ಬಿಟ್ಟು, ಫಾಯಿಲಿನಲ್ಲಿ ಸುತ್ತಿ, 180 ಡಿಗ್ರಿಯಲ್ಲಿ 25 ನಿಮಿಷ. ಎಣ್ಣೆ ತಪ್ಪಿಸಲು ಹತ್ತಿರ ಹತ್ತಿರ ಹತ್ತು ಸಾವಿರ ಕೊಟ್ಟು ತಂದ ಯಂತ್ರಕ್ಕಾಗಿ, ಸೇಂಗಾ ಎಣ್ಣೆಗಿಂತ ನಾಲ್ಕಾರು ಪಟ್ಟು ಬೆಲೆಯ ಎಣ್ಣೆಯನ್ನು ಬೇರೆ ತರಲಾಗಿದೆ. ಹಿಂದಿನ ವಾರ ಫಾಯಿಲ್ ಬೇಡವೆಂದು ಎಸಳು ಬಿಡಿಸಿ ಹಾಗೇ ಹಾಕಿದ್ದರು. ಫ್ಯಾನು ತಿರುಗಿದ್ದೇ ತಡ, ಸಿಪ್ಪೆಗಳೆಲ್ಲ ಹಾರಿ ಕಾಯಿಲಿಗೆ ಅಂಟಿ ಹೊಗೆ ಎದ್ದಿತು. ಮಗುವಿಗೆ ಬೆಳ್ಳುಳ್ಳಿ ಸಿಪ್ಪೆಯ ಹೊಗೆ ಹಾಕಿದ ಬಾಣಂತಿ ಕೋಣೆಯ ವಾಸನೆ ಹಾಲಿನವರೆಗೆ ಬಂತು. ಕಾಯಿಲಿನ ಸಂದಿಯಿಂದ ಸಿಪ್ಪೆಯ ಕರಿಯನ್ನು ಹಳೇ ಟೂತ್ ಬ್ರಷ್ಷಿನಲ್ಲಿ ತೆಗೆದವರು ಯಾರು ಎಂದು ನೀವು ಕೇಳುವುದಿಲ್ಲ, ನಾನು ಹೇಳುವುದೂ ಬೇಕಿಲ್ಲ.

ಈ 25 ನಿಮಿಷ ಯಜಮಾನರು ಸುಮ್ಮನೆ ಕೂರುವವರಲ್ಲ. ಆರೋಗ್ಯ ಪ್ರವಚನ ನಡೆಯುತ್ತದೆ. ಬೆಳ್ಳುಳ್ಳಿಯಲ್ಲಿ ಆಲಿಸಿನ್ ಇದೆ, ಹೃದಯಕ್ಕೆ ಒಳ್ಳೆಯದು, ನಮ್ಮ ಹಿರಿಯರು ದಡ್ಡರಲ್ಲ. ಹಿರಿಯರು ದಡ್ಡರಲ್ಲ ಎನ್ನುವುದು ನಿಜ. ಆದರೆ ಇಡೀ ಬೆಳ್ಳುಳ್ಳಿಯಲ್ಲಿ ಆಲಿಸಿನ್ ಇರುವುದಿಲ್ಲ. ಆಲಿಯಿನ್ ಎಂಬ ವಸ್ತು ಒಂದು ಕಡೆ, ಅದನ್ನು ಆಲಿಸಿನ್ ಮಾಡುವ ಕಿಣ್ವ ಇನ್ನೊಂದು ಕಡೆ, ಒಂದೇ ಎಸಳಿನೊಳಗೆ ಗೋಡೆ ಕಟ್ಟಿಕೊಂಡು ಬದುಕುತ್ತವೆ. ಜಜ್ಜಿದಾಗ, ಹೆಚ್ಚಿದಾಗ ಗೋಡೆ ಒಡೆದು ಎರಡೂ ಸೇರುತ್ತವೆ. ಆಗ ಹುಟ್ಟುವುದೇ ಆಲಿಸಿನ್, ಆ ಘಾಟು, ಆ ಖಾರ. 1944ರಲ್ಲಿ ಅಮೆರಿಕದ ಕ್ಯಾವಲೀಟೊ ಮತ್ತು ಬೇಲಿ ಎಂಬ ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ತೋರಿಸಿದರು. ಗಡ್ಡೆಯನ್ನು ಇಡಿಯಾಗಿ ಬೇಯಿಸಿದರೆ ಕಿಣ್ವ ಬಿಸಿಗೆ ಸತ್ತುಹೋಗುತ್ತದೆ, ಆಲಿಸಿನ್ ಹುಟ್ಟುವ ಪ್ರಶ್ನೆಯೇ ಇಲ್ಲ. ಸುಟ್ಟ ಬೆಳ್ಳುಳ್ಳಿ ಬಾಯಿ ಉರಿಸದೆ ಸಿಹಿಯಾಗಿರುವುದೇ ಅದಕ್ಕೆ: ಘಾಟು ಹುಟ್ಟಲಿಲ್ಲ, ಒಳಗಿನ ಫ್ರಕ್ಟಾನುಗಳು ಒಡೆದು ಸಕ್ಕರೆಯಾದವು, ಅಂಚು ಕಂದಿ ಕಮ್ಮಗಾಯಿತು. ಅಂದರೆ ಯಜಮಾನರು ಯಾವುದರ ಗುಣಗಾನ ಮಾಡುತ್ತಿದ್ದಾರೋ ಅದು ಹುಟ್ಟದಂತೆ ಅದೇ ಹೊತ್ತಿನಲ್ಲಿ, ಅವರ ಬೆನ್ನ ಹಿಂದೆ, 180 ಡಿಗ್ರಿಯಲ್ಲಿ ನೋಡಿಕೊಳ್ಳಲಾಗುತ್ತಿದೆ. ಆಲಿಸಿನ್ ಬೇಕಿದ್ದರೆ ಪಕ್ಕದಲ್ಲೇ ಒರಳುಕಲ್ಲಿನಲ್ಲಿ ಹಸಿ ಬೆಳ್ಳುಳ್ಳಿ ಹಾಕಿ ಕೆಂಪು ಚಟ್ನಿ ಕುಟ್ಟುತ್ತಿರುವ ಹೆಂಡತಿಯ ಹತ್ತಿರ ಇದೆ. ಆಕೆಗೆ ಅದರ ಹೆಸರು ಗೊತ್ತಿಲ್ಲ, ಹಾಗಾಗಿ ಪ್ರವಚನ ಮಾಡುವ ಅರ್ಹತೆಯೂ ಇಲ್ಲ.

ಮದ್ದೂರು ಕಡೆಯಿಂದ ಬಂದಿರುವ ಯಜಮಾನರ ತಾಯಿ ಇಷ್ಟನ್ನೂ ಬಾಗಿಲ ಬಳಿ ಕೂತು ನೋಡುತ್ತಿದ್ದಾರೆ. ‘ಅಲ್ಲ ಕಣ್ಲಾ ಮಗ, ಬೆಳ್ಳುಳ್ಳಿ ಸುಡಾಕೆ ಇಷ್ಟೊತ್ತಾ? ಒಲೆಗಾಕಿದ್ರೆ ಇಷ್ಟೊತ್ಗೆ ಉಂಡು ಕೈ ತೊಳೀತಿದ್ವಲ್ಲ.’

‘ಅಮ್ಮ, ಇದು ಬೇರೆ. ನಿಂಗೊತ್ತಾಗಲ್ಲ, ಸುಮ್ನಿರು.’

ಟಿಂಗ್ ಎನ್ನುತ್ತದೆ. ಮನೆಯವರನ್ನೆಲ್ಲ ಕರೆಯಲಾಗುತ್ತದೆ. ಫಾಯಿಲ್ ಬಿಚ್ಚಿ, ಹಬೆ ಊದಿ, ಗಡ್ಡೆಯ ಬುಡ ಒತ್ತಿದರೆ ಹೊಂಬಣ್ಣದ ಎಸಳುಗಳು ಮೆತ್ತಗೆ ಜಾರಿ ತಟ್ಟೆಗೆ ಬೀಳುತ್ತವೆ. ನ್ಯಾಯವಾಗಿ ಹೇಳಬೇಕೆಂದರೆ ರುಚಿ ಅದ್ಭುತ. ಬೆಣ್ಣೆಯ ಜೊತೆ ಕಲಸಿ ಬಿಸಿ ಅಕ್ಕಿರೊಟ್ಟಿಗೆ ಸವರಿದರೆ ಇನ್ನೊಂದು ರೊಟ್ಟಿ ತಾನಾಗಿಯೇ ತಟ್ಟೆಗೆ ಬರುತ್ತದೆ. ಅದನ್ನು ತಟ್ಟುವವರು ತಾವಾಗಿಯೇ ಇರುತ್ತಾರಲ್ಲ. ಮೂರು ಕೋನದಿಂದ ಫೋಟೊ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಲಾಗುತ್ತದೆ. ಚಪ್ಪಾಳೆಗಳ ಸುರಿಮಳೆ. ‘ಭಾವ ಸೂಪರ್’, ‘ಅಕ್ಕ, ನೀನು ಪುಣ್ಯವಂತೆ’. ಒಂದು ಗಡ್ಡೆಗೆ ಹನ್ನೊಂದು ಚಪ್ಪಾಳೆ, ಎಸಳಿಗೊಂದರಂತೆ.

ಅದೇ ಸಂಜೆ ಆ ತಾಯಿ ಗ್ಯಾಸಿನ ಉರಿಯ ಮೇಲೆ ಜಾಲರಿ ಇಟ್ಟು ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಹಿಡಿ ಒಣಮೆಣಸಿನಕಾಯಿ ಸುಟ್ಟು, ಜೀರಿಗೆ, ಕಾಳುಮೆಣಸು, ಹುಣಸೆಹಣ್ಣು, ಉಪ್ಪು ಸೇರಿಸಿ ಉಪ್ಸಾರಿನ ಖಾರ ಅರೆದರು. ಎಲ್ಲರೂ ಮುದ್ದೆ ನುಂಗಿದರು, ಇನ್ನೊಂದು ಸೌಟು ಬಿಡಿಸಿಕೊಂಡರು. ಯಾರೂ ಫೋಟೊ ತೆಗೆಯಲಿಲ್ಲ. ಯಜಮಾನರು ಒಂದು ಮಾತು ಹೇಳಿದರು: ‘ಉಪ್ಪು ಒಂಚೂರು ಮುಂದು.’

ಬೆಳ್ಳುಳ್ಳಿ ತರಕಾರಿಯೋ ಮಸಾಲೆಯೋ ಎಂದು ಮಧ್ಯಪ್ರದೇಶದಲ್ಲಿ ವರ್ಷಗಟ್ಟಲೆ ವ್ಯಾಜ್ಯ ನಡೆದು, 2024ರಲ್ಲಿ ಅಲ್ಲಿನ ಹೈಕೋರ್ಟಿನ ಇಂದೋರ್ ಪೀಠ ತರಕಾರಿ ಎಂದು ತೀರ್ಪು ಕೊಟ್ಟಿತು. ನ್ಯಾಯಮೂರ್ತಿಗಳು ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಸಾಕ್ಷ್ಯ ಪಡೆದಿರಲಿಲ್ಲ. ಇಲ್ಲಿ ಅದು ಹೆಂಡತಿ ಒಗ್ಗರಣೆಗೆ ಹಾಕಿದರೆ ಮಸಾಲೆ, ಅತ್ತೆ ಸಾರಿಗೆ ಹಾಕಿದರೆ ತರಕಾರಿ, ಯಜಮಾನರು ಸುಟ್ಟರೆ ಸಾಧನೆ. ಅದೇ 2024ರಲ್ಲಿ ಕಿಲೋ ಬೆಳ್ಳುಳ್ಳಿ 400 ರೂಪಾಯಿ ದಾಟಿದಾಗ ಒಗ್ಗರಣೆಯ ಎಸಳು ಆರರಿಂದ ಎರಡಕ್ಕೆ ಇಳಿದದ್ದೂ ಇದೇ ಮನೆಗಳಲ್ಲೇ. ಸಾಧನೆಗೆ ಮಾತ್ರ ಗಡ್ಡೆಗೆ ಗಡ್ಡೆಯೇ ಬೇಕು, ಅದೂ ನಾಟಿಯಲ್ಲ, ದಪ್ಪ ಎಸಳಿನ ಊಟಿ ಬೆಳ್ಳುಳ್ಳಿ.

ವಿದ್ಯುತ್ ಲೆಕ್ಕಕ್ಕೂ ಬರೋಣ. ಒಂದು ಗಡ್ಡೆಗೆ ಸುಮಾರು ಅರ್ಧ ಯೂನಿಟ್. ದುಡ್ಡಿನಲ್ಲಿ ಮೂರು ರೂಪಾಯಿಯ ಮಾತು, ದೊಡ್ಡದಲ್ಲ. ಆದರೆ ಮನೆ ಗೃಹಜ್ಯೋತಿಯ ಫಲಾನುಭವಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ದಾಟಿದ ತಿಂಗಳು ಯಜಮಾನರು ತನಿಖಾಧಿಕಾರಿ ಆಗುತ್ತಾರೆ. ಗೀಸರಿನ ವಿಚಾರಣೆ ಆಗುತ್ತದೆ, ಫ್ರಿಜ್ಜಿನ ಬಾಗಿಲನ್ನು ಯಾರು ತೆರೆದಿಟ್ಟಿದ್ದರು ಎಂದು ಮಕ್ಕಳ ಹೇಳಿಕೆ ದಾಖಲಾಗುತ್ತದೆ. ಕಡೆಗೆ ಸಿಕ್ಕಿಬೀಳುವುದು 150 ವಾಟಿನ ವೆಟ್ ಗ್ರೈಂಡರು: ‘ವಾರಕ್ಕೆ ಎರಡು ಸಲ ದೋಸೆ ಹಿಟ್ಟು ಯಾಕೆ ರುಬ್ಬಬೇಕು?’ ಅದರ ಹತ್ತು ಪಟ್ಟು ನುಂಗುವ ಕಪ್ಪು ಡಬ್ಬಿ ಪಕ್ಕದಲ್ಲೇ ನಿಂತು ಗ್ರೈಂಡರಿಗೆ ಶಿಕ್ಷೆಯಾಗುವುದನ್ನು ನೋಡುತ್ತದೆ.

ಉಳಿದ ಎಸಳುಗಳ ಕತೆ ಸ್ವಲ್ಪ ಗಂಭೀರ. ಯಜಮಾನರು ಅವನ್ನು ಗಾಜಿನ ಬಾಟಲಿಗೆ ಹಾಕಿ, ಮುಳುಗುವಷ್ಟು ಎಣ್ಣೆ ಸುರಿದು, ಕಿಟಕಿಯ ಬಿಸಿಲಿಗೆ ಚೆನ್ನಾಗಿ ಕಾಣುತ್ತದೆಂದು ಕಟ್ಟೆಯ ಮೇಲೆ ಇಟ್ಟರು. ಎಣ್ಣೆಯೊಳಗೆ ಗಾಳಿಯಾಡುವುದಿಲ್ಲ, ಬೆಳ್ಳುಳ್ಳಿಯಲ್ಲಿ ಹುಳಿ ಸಾಲದು. ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾಕ್ಕೆ ಇದಕ್ಕಿಂತ ಒಳ್ಳೆಯ ಬಾಡಿಗೆ ಮನೆ ಸಿಗಲಾರದು. 1985ರಲ್ಲಿ ಕೆನಡಾದ ವ್ಯಾಂಕೋವರಿನಲ್ಲಿ, ಎಣ್ಣೆಯಲ್ಲಿ ಹಾಕಿ ಹೊರಗೇ ಇಟ್ಟಿದ್ದ ಬೆಳ್ಳುಳ್ಳಿಯಿಂದ ಒಂದೇ ಹೋಟೆಲಿನಲ್ಲಿ ಉಂಡ ಮೂವತ್ತಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದಿದ್ದರು. ನಮ್ಮ ಉಪ್ಪಿನಕಾಯಿ ಭರಣಿ ಉಪ್ಪು, ಹುಳಿಯ ಬಲದಿಂದ ವರ್ಷ ಕಳೆಯುತ್ತದೆ. ಸುಟ್ಟ ಬೆಳ್ಳುಳ್ಳಿಗೆ ಆ ಬಲ ಇಲ್ಲ. ಫ್ರಿಜ್ಜಿನಲ್ಲಿಟ್ಟು ಮೂರ್ನಾಲ್ಕು ದಿನದಲ್ಲಿ ಮುಗಿಸಬೇಕು. ಹೆಂಡತಿ ಏನೂ ಹೇಳದೆ ಬಾಟಲಿಯನ್ನು ಫ್ರಿಜ್ಜಿಗೆ ಸೇರಿಸಿದಳು. ಸಂಜೆ ಯಜಮಾನರು ಸಿಡುಕಿದರು: ‘ಇಲ್ಲಿಟ್ಟಿದ್ದನ್ನ ಯಾರು ತೆಗೆದ್ರು? ಈ ಮನೇಲಿ ಇಟ್ಟಿದ್ದು ಇಟ್ಟಲ್ಲಿ ಇರಲ್ಲ.’

ಇನ್ನು ಬುಟ್ಟಿ. ಫಾಯಿಲಿನಿಂದ ಸೋರಿದ ಎಣ್ಣೆ, ಬೆಳ್ಳುಳ್ಳಿಯ ಅಂಟುರಸದ ಜೊತೆ ಸೇರಿ ಜಾಲರಿಯ ತೂತುತೂತಿನಲ್ಲಿ ಸುಟ್ಟು ಕೂತಿರುತ್ತದೆ. ಸ್ಟೀಲ್ ನಾರಿನಲ್ಲಿ ಉಜ್ಜುವಂತಿಲ್ಲ, ಲೇಪ ಎದ್ದು ಬರುತ್ತದೆ. ಬಿಸಿನೀರು, ಸೋಪು, ಮೆತ್ತನೆಯ ಸ್ಪಂಜು, ಆಮೇಲೆ ಒಂದೊಂದೇ ತೂತಿಗೆ ಉಗುರು. ಯಜಮಾನರು ಇದನ್ನು ತೊಳೆಯುವುದಿಲ್ಲ ಎಂದರೆ ಅಪಚಾರವಾದೀತು. ಅವರು ನೆನೆಸಿಡುತ್ತಾರೆ. ‘ನೆನೆಸಿಟ್ಟಿದ್ದೀನಿ ಕಣೇ’ ಎಂದು ಘೋಷಿಸಿ ಕೈ ಒರೆಸಿಕೊಳ್ಳುತ್ತಾರೆ. ಗಂಡಸರ ಪಾಲಿನ ಪಾತ್ರೆ ತೊಳೆಯುವ ಕೆಲಸ ನೀರು ಬಿಡುವಲ್ಲಿಗೆ ಮುಕ್ತಾಯ.

ಇದನ್ನೆಲ್ಲ ಕೊಂಕು ಎನ್ನುವವರಿಗೆ ಸರ್ಕಾರದ್ದೇ ಲೆಕ್ಕ ಇದೆ. ಕೇಂದ್ರದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸದಲ್ಲಿ ಕೈಹಾಕುವ ಗಂಡಸರನ್ನಷ್ಟೇ ಲೆಕ್ಕಕ್ಕೆ ಹಿಡಿದರೂ, 2019ರಲ್ಲಿ ಅವರು ಸಂಬಳವಿಲ್ಲದ ಮನೆಗೆಲಸಕ್ಕೆ ಕೊಡುತ್ತಿದ್ದುದು ದಿನಕ್ಕೆ 97 ನಿಮಿಷ. 2024ರಲ್ಲಿ ಅದು 88. ಹೆಂಗಸರದು 289. ಗಮನಿಸಿ: ಏರ್ ಫ್ರೈಯರು ಕಟ್ಟೆ ಏರಿದ ಈ ಐದು ವರ್ಷಗಳಲ್ಲಿ ಗಂಡಸರ ಕೆಲಸ ಏರಿಲ್ಲ, ಒಂಬತ್ತು ನಿಮಿಷ ಇಳಿದಿದೆ. ಉಳಿದ 88ರಲ್ಲಿ ಟಿಂಗ್ ಎನ್ನುವುದನ್ನು ಕಾಯುತ್ತ ಪ್ರವಚನ ಮಾಡಿದ 25 ನಿಮಿಷವೂ ಸೇರಿದೆಯೇ ಎಂದು ಗಣತಿಗೆ ಬಂದವರು ಕೇಳಿಲ್ಲ.

ಯಂತ್ರದ ತಪ್ಪೇನೂ ಇಲ್ಲ. ಅದು ಬಿಸಿಗಾಳಿ ಬೀಸುವ ಡಬ್ಬಿ. ಹೇಳಿದಷ್ಟು ಡಿಗ್ರಿಯಲ್ಲಿ, ಹೇಳಿದಷ್ಟು ಹೊತ್ತು, ತಕರಾರಿಲ್ಲದೆ ದುಡಿಯುತ್ತದೆ. ಕೆಲಸದ ಹೆಸರು ಯಾರಿಗೆ, ಕೆಲಸ ಯಾರಿಗೆ ಎಂದು ಪಾಲು ಹಾಕಿದ್ದು ಅದಲ್ಲ. ಆ ಪಾಲುಪಟ್ಟಿ ಡಬ್ಬಿ ಬರುವ ಎಷ್ಟೋ ಮುಂಚೆಯೇ ನೋಂದಣಿಯಾಗಿತ್ತು. ಡಬ್ಬಿ ಬಂದ ಮೇಲೆ ಒಂದು ಸಹಿ ಬಿತ್ತು, ಅಷ್ಟೆ.

ಆದ್ದರಿಂದ ಒಂದು ಸಲಹೆ. ಫ್ರಿಜ್ಜಿಗೆ, ಎ.ಸಿ.ಗೆ ನಕ್ಷತ್ರದ ಚೀಟಿ ಅಂಟಿಸುವ ಇಂಧನ ದಕ್ಷತಾ ಬ್ಯೂರೊ ಇನ್ನು ಮುಂದೆ ಯಂತ್ರ ಕೊಳ್ಳುವವರ ಹಣೆಗೂ ಒಂದು ಚೀಟಿ ಅಂಟಿಸಲಿ. ಬೆಳ್ಳುಳ್ಳಿ ಎಲ್ಲಿದೆ ಎಂದು ಕೇಳದೆ ಹುಡುಕಿಕೊಂಡರೆ ಒಂದು ಸ್ಟಾರ್. ಮುಗಿಯುತ್ತಿದೆ ಎಂದು ಗೊತ್ತಾಗಿ ತಾವೇ ತಂದಿಟ್ಟರೆ ಎರಡು. ಸಿಪ್ಪೆ ಗುಡಿಸಿ ಹಸಿಕಸದ ಡಬ್ಬಕ್ಕೆ ಹಾಕಿದರೆ ಮೂರು. ಬುಟ್ಟಿಯನ್ನು ನೆನೆಸಿಡುವುದಲ್ಲ, ತೊಳೆದಿಟ್ಟರೆ ನಾಲ್ಕು. ಇಷ್ಟೆಲ್ಲ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕದೆ ಇದ್ದರೆ ಐದು. ಐದು ಸ್ಟಾರಿನ ಮಾಲು ಸದ್ಯಕ್ಕೆ ಮಾರುಕಟ್ಟೆಯಲ್ಲಿ ಇಲ್ಲ. ಬಂದ ದಿನ ಅಂಗಡಿಯ ಮುಂದೆ ನಿಲ್ಲುವ ಹೆಂಗಸರ ಸಾಲಿನಲ್ಲಿ ಯಾರೂ ಬೆಲೆ ಕೇಳುವುದಿಲ್ಲ; ಹಳೆಯದನ್ನು ಎಕ್ಸ್‌ಚೇಂಜಿಗೆ ತಗೊಳ್ತೀರಾ ಎಂದಷ್ಟೇ ಕೇಳುತ್ತಾರೆ.