ಜಯಂತಿಶಾಸ್ತ್ರ ಪ್ರವೇಶಿಕೆ: ಸಂಗೀತೋತ್ಸವಗಳಲ್ಲಿ ಸೊನ್ನೆಯ ಸ್ಥಾನಮಾನ

ಶ್ರುತಿಯ ಬಗ್ಗೆ, ಲಯದ ಬಗ್ಗೆ, ರಾಗಲಕ್ಷಣದ ಬಗ್ಗೆ ನಮ್ಮಲ್ಲಿ ಗ್ರಂಥಗಳಿಗೆ ಬರವಿಲ್ಲ. ಆದರೆ ಯಾವ ವರ್ಷ ಯಾರ ಕೃತಿಯನ್ನು ಹಾಡಿಸಬೇಕು ಎಂದು ನಿಜಕ್ಕೂ ತೀರ್ಮಾನಿಸುವ ಶಾಸ್ತ್ರವೊಂದಿದೆ. ಅದರ ಮೇಲೆ ಇದುವರೆಗೆ ಒಂದು ತಾಳೆಗರಿಯೂ ಹುಟ್ಟಿಲ್ಲ. ಅದೇ ಜಯಂತಿಶಾಸ್ತ್ರ. ಇದರ ಅಧಿಕಾರಿಗಳು ಉತ್ಸವ ಸಮಿತಿಯ ಕಾರ್ಯದರ್ಶಿಗಳು. ಬೇಕಾದ ಉಪಕರಣ ಮೂರು: ಸಂಯೋಜಕರ ಜನನ ಮರಣಗಳ ಪಟ್ಟಿ, ಒಂದು ಕ್ಯಾಲ್ಕುಲೇಟರ್, ಹಣ ಕೊಡುವವರ ಫೋನ್ ನಂಬರು. ಸಂಗೀತಜ್ಞಾನ ಇದ್ದರೆ ಅಡ್ಡಿಯಿಲ್ಲ.

ಮೊದಲ ಸೂತ್ರ: ಸೊನ್ನೆಯಲ್ಲಿ ಮುಗಿಯದ ವಯಸ್ಸು ವಯಸ್ಸೇ ಅಲ್ಲ.

ವ್ಯಾಖ್ಯಾನ ಹೀಗೆ. ತ್ಯಾಗರಾಜರು ಹುಟ್ಟಿದ್ದು 1767ರ ಮೇ 4ರಂದು. 2016ರಲ್ಲಿ ಅವರಿಗೆ 249. ಅದು ಯಾರ ಗಮನಕ್ಕೂ ಬರಲಿಲ್ಲ. ಮರುವರ್ಷ 250, ಸಂಗೀತಲೋಕ ಎದ್ದು ಕೂತಿತು. ಆ ಒಂದು ವರ್ಷದಲ್ಲಿ ಕೃತಿಗಳಾಗಲಿ ರಾಗಗಳಾಗಲಿ ಬದಲಾಗಿರಲಿಲ್ಲ. ಬದಲಾದದ್ದು ಫ್ಲೆಕ್ಸು.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ: 'ಸ್ವಾಮಿ, ಸೊನ್ನೆಗೆ ಈ ಮಹಿಮೆ ಎಲ್ಲಿಂದ ಬಂತು?' ಉತ್ತರ ಸುಲಭ. ಮನುಷ್ಯನಿಗೆ ಹತ್ತು ಬೆರಳು. ಕೈಗೆ ಆರಾರು ಬೆರಳಿದ್ದಿದ್ದರೆ ತ್ಯಾಗರಾಜರ 144ನೇ ಜಯಂತಿಯೇ ಮಹೋತ್ಸವವಾಗಿ, ನೂರನೆಯದಕ್ಕೆ ಯಾರೂ ಶಾಮಿಯಾನ ಹಾಕಿಸುತ್ತಿರಲಿಲ್ಲ. ಪೂರ್ವಪಕ್ಷಿ ಸುಮ್ಮನಾಗುವ ಜಾತಿಯವನಲ್ಲ. 'ನಮ್ಮ ಲೆಕ್ಕ ಅರವತ್ತರದಲ್ಲವೇ? ಷಷ್ಟ್ಯಬ್ದಿ ಮಾಡಿಸಿಕೊಳ್ಳುವ ಜನ ನಾವು, ಸೊನ್ನೆಯ ಹಿಂದೆ ಯಾಕೆ ಹೋಗಬೇಕು?' ಇದು ಯೋಗ್ಯ ಪ್ರಶ್ನೆ. ಆದರೆ ಯುರೋಪಿನವರು ತಿಳಿಯದೆಯೇ ನಮ್ಮ ಲೆಕ್ಕವನ್ನೂ ಒಮ್ಮೆ ಪಾಲಿಸಿದ್ದಾರೆ. 1985ನ್ನು ಅವರು 'ಯುರೋಪಿನ ಸಂಗೀತ ವರ್ಷ' ಎಂದು ಸಾರಿದರು. ಬಾಖ್, ಹ್ಯಾಂಡೆಲ್, ಡೊಮೆನಿಕೊ ಸ್ಕಾರ್ಲಾಟ್ಟಿ ಮೂವರೂ ಹುಟ್ಟಿದ್ದು 1685ರಲ್ಲಿ. ಮುನ್ನೂರೆಂದರೆ ಐದು ಅರವತ್ತು. ಅಂದರೆ 1685ರ ಯುಗಾದಿಗೆ ಬಂದ ಕ್ರೋಧನ ಸಂವತ್ಸರವೇ 1985ರ ಯುಗಾದಿಗೂ ಬಂದಿತ್ತು. ಅಕ್ಟೋಬರಿನಲ್ಲಿ ಹುಟ್ಟಿದ ಸ್ಕಾರ್ಲಾಟ್ಟಿ ಶುದ್ಧ ಕ್ರೋಧನ. ಫೆಬ್ರುವರಿಯ ಹ್ಯಾಂಡೆಲ್ ಹಿಂದಿನ ರಕ್ತಾಕ್ಷಿ. ಬಾಖ್ ಯುಗಾದಿಯ ಹೊಸ್ತಿಲಲ್ಲಿ ನಿಂತವರು; ಅವರ ಊರಿನ ಪ್ರಾಟೆಸ್ಟೆಂಟರ ಹಳೆಯ ಪಂಚಾಂಗದಂತೆ ಹುಟ್ಟಿದ್ದು ಮಾರ್ಚ್ 21, ಕ್ಯಾಥೊಲಿಕರ ಹೊಸ ಪಂಚಾಂಗದಂತೆ ಮಾರ್ಚ್ 31. ಒಂದೇ ಬೀದಿಯಲ್ಲಿ ಎರಡು ದಿನ ಏಕಾದಶಿ ಆಚರಿಸುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ರೊಸ್ಸೀನಿಯ ಸಮಸ್ಯೆ. ಅವರು ಹುಟ್ಟಿದ್ದು 1792ರ ಫೆಬ್ರುವರಿ 29. ಅಧಿಕಮಾಸದಲ್ಲಿ ಹುಟ್ಟಿದವರ ಪಾಡು ಬಲ್ಲ ಪುರೋಹಿತರನ್ನು ಇಟಲಿಯ ಪೆಸಾರೊ ಊರಿನ ರೊಸ್ಸೀನಿ ಉತ್ಸವಕ್ಕೆ ಸಲಹೆಗಾರರಾಗಿ ಕಳಿಸುವುದು ಒಳ್ಳೆಯದು.

ಎರಡನೆಯ ಸೂತ್ರ ಆಯುರ್ದಾಯಕ್ಕೆ ಸಂಬಂಧಿಸಿದ್ದು: ಸಂಯೋಜಕ ಎಷ್ಟು ಬರೆದ ಎಂಬುದಕ್ಕಿಂತ ಯಾವ ವಯಸ್ಸಿಗೆ ತೀರಿಕೊಂಡ ಎಂಬುದು ಮುಖ್ಯ.

ಜಯಂತಿಗೂ ಸೊನ್ನೆ ಬೇಕು, ಪುಣ್ಯತಿಥಿಗೂ ಸೊನ್ನೆ ಬೇಕು. ಐವತ್ತು ವರ್ಷಕ್ಕೊಮ್ಮೆ ಎಂದು ಹಿಡಿದರೂ ಒಬ್ಬೊಬ್ಬರಿಗೆ ಎರಡೆರಡು ಅವಕಾಶ. ಮೋಟ್ಸಾರ್ಟ್ 1756ರಲ್ಲಿ ಹುಟ್ಟಿ 1791ರಲ್ಲಿ ತೀರಿಕೊಂಡದ್ದರಿಂದ 1991, 2006, 2041, 2056 ಎಂದು ಹದಿನೈದು, ಮೂವತ್ತೈದರ ತಾಳದಲ್ಲಿ ಬರುತ್ತಿರುತ್ತಾರೆ. ಮಾಲರ್ (1860–1911) ಕಥೆ ಬೇರೆ: 2010ರಲ್ಲಿ ಹುಟ್ಟಿ 150 ವರ್ಷ, 2011ರಲ್ಲಿ ಸತ್ತು ನೂರು ವರ್ಷ. ಎರಡು ಊಟವೂ ಒಟ್ಟಿಗೇ ಆಗಿ, ಆಮೇಲೆ ದೀರ್ಘ ಉಪವಾಸ. ಶಾಸ್ತ್ರದ ದೃಷ್ಟಿಯಿಂದ ಆದರ್ಶ ಆಯಸ್ಸು 75. ಆಗ ಕಾಲು ಶತಮಾನಕ್ಕೊಂದು ಉತ್ಸವ ಸರಿಸಮನಾಗಿ ಒದಗುತ್ತದೆ. ಹ್ಯಾಂಡೆಲ್ 74ಕ್ಕೇ ಹೋಗಿಬಿಟ್ಟರು. ಇನ್ನೊಂದು ವರ್ಷ ತಡೆದುಕೊಳ್ಳಬಹುದಿತ್ತು.

ಆದರೂ ಹ್ಯಾಂಡೆಲ್ ಸತ್ತ 1759ನೇ ಇಸವಿ ವ್ಯರ್ಥವಾಗಲಿಲ್ಲ. ಅದಕ್ಕೆ 250 ತುಂಬಿದ 2009ರಲ್ಲೇ ಪರ್ಸೆಲ್ ಹುಟ್ಟಿ 350, ಹೈಡನ್ ತೀರಿಕೊಂಡು 200, ಮೆಂಡೆಲ್‌ಸನ್ ಹುಟ್ಟಿ 200. ಲಂಡನ್ನಿನ ಪ್ರಾಮ್ಸ್ ಉತ್ಸವ ನಾಲ್ವರನ್ನೂ ಒಂದೇ ಚಪ್ಪರದಲ್ಲಿ ಕೂರಿಸಿತು. ಸಾಮೂಹಿಕ ಉಪನಯನದ ಹಾಗೆ ಖರ್ಚು ಕಡಿಮೆ. ಈ ವಿಷಯದಲ್ಲಿ ಚೆಕ್ ಜನರನ್ನು ಮೀರಿಸಿದವರಿಲ್ಲ. ಸ್ಮೆತನ ಹುಟ್ಟಿದ್ದು 1824, ಸತ್ತದ್ದು 1884; ಯಾನಾಚೆಕ್ ಹುಟ್ಟಿದ್ದು 1854; ಸುಕ್ 1874; ದ್ವೋರ್ಜಾಕ್ ಸತ್ತದ್ದು 1904. ಹೀಗಾಗಿ ನಾಲ್ಕರಲ್ಲಿ ಮುಗಿಯುವ ಪ್ರತಿ ವರ್ಷವೂ ಅಲ್ಲಿ 'ಚೆಕ್ ಸಂಗೀತ ವರ್ಷ'. ಒಂದು ದೇಶದ ಸಂಯೋಜಕರೆಲ್ಲ ಮಾತಾಡಿಕೊಂಡು ಹುಟ್ಟಿ ಸತ್ತಂತೆ ಕಾಣುವ ಇಂಥ ಶಿಸ್ತು ನಮ್ಮ ವಾಗ್ಗೇಯಕಾರರಲ್ಲಿ ಇಲ್ಲ.

ಸೂತ್ರಕ್ಕೆ ಅಪವಾದವೂ ಉಂಟು. 1845ರಲ್ಲಿ ಬಾನ್ ಊರಿನವರು ಬೀಥೋವನ್ ಹುಟ್ಟಿದ 75ನೇ ವರ್ಷಕ್ಕೇ ಉತ್ಸವ ಮಾಡಿದರು. ಸೊನ್ನೆ ಇಲ್ಲ, ಆದರೆ ಕಂಚಿನ ವಿಗ್ರಹ ಸಿದ್ಧವಾಗಿತ್ತು, ಸಂಯೋಜಕ ಲಿಸ್ಟ್ ತಮ್ಮ ಕೈಯಿಂದ ಹಣ ಹಾಕಿದ್ದರು. ಹಣ ಇದ್ದಲ್ಲಿ ಇಪ್ಪತ್ತೈದರ ಗುಣಕವೂ ಸೊನ್ನೆಗೆ ಸಮ ಎಂದು ಶಾಸ್ತ್ರಕಾರರು ಆಗಲೇ ಒಪ್ಪಿಕೊಂಡರು. ಆಗಸ್ಟ್ 12ರಂದು ಚೌಕದಲ್ಲಿ ಜನಸಾಗರ. ಪ್ರಷ್ಯದ ದೊರೆ, ಅವರ ಅತಿಥಿಯಾಗಿ ಬಂದ ವಿಕ್ಟೋರಿಯಾ ರಾಣಿ, ಅರಸುಮಕ್ಕಳು ಎಲ್ಲ ಒಂದು ಮಹಲಿನ ಬಾಲ್ಕನಿಯಲ್ಲಿ. ಹೊದಿಕೆ ಸರಿಯಿತು. ಬಾಲ್ಕನಿಗೆ ಕಂಡದ್ದು ಬೀಥೋವನ್ನರ ಬೆನ್ನು. ಮರುದಿನ ಲಿಸ್ಟ್ ಈ ಸಂದರ್ಭಕ್ಕೆಂದೇ ರಚಿಸಿದ ಗಾನ. ರಾಜ ಪರಿವಾರ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಕಾದು ಕಾದು ಶುರುಮಾಡಿ ಮುಗಿಸುವ ವೇಳೆಗೆ ಬಂದರು. ಇಡೀ ಗಾನವನ್ನು ಮೊದಲಿನಿಂದ ಇನ್ನೊಮ್ಮೆ ಹಾಡಿಸಲಾಯಿತು. ಮುಖ್ಯ ಅತಿಥಿಗಳು ತಡವಾಗಿ ಬರುವುದು ಭಾರತೀಯರ ಸಂಶೋಧನೆ ಎಂದು ಭಾವಿಸಿರುವವರು ಈ ದಾಖಲೆಯನ್ನು ಗಮನಿಸಬೇಕು.

ಮೂರನೆಯ ಸೂತ್ರ, ಇಡೀ ಶಾಸ್ತ್ರದ ತಿರುಳು: ಉಂಡವನ ಮುಂದೆಯೇ ಮತ್ತೊಂದು ಎಲೆ.

2006ರಲ್ಲಿ ಮೋಟ್ಸಾರ್ಟ್‌ಗೆ 250 ತುಂಬಿದಾಗ ಸಾಲ್ಜ್‌ಬರ್ಗ್ ಉತ್ಸವ ಅವರ ಇಪ್ಪತ್ತೆರಡು ರಂಗಕೃತಿಗಳನ್ನೂ ಒಂದೇ ಬೇಸಿಗೆಯಲ್ಲಿ ಆಡಿಸಿತು. ಜಗತ್ತಿನಲ್ಲಿ ಮೋಟ್ಸಾರ್ಟ್ ಕೊರತೆ ಕಾಡುತ್ತಿದ್ದ ಊರು ಯಾವುದೆಂದು ಹುಡುಕಿದ್ದರೆ ಸಾಲ್ಜ್‌ಬರ್ಗ್ ಪಟ್ಟಿಯ ಕೊನೆಯಲ್ಲಿರುತ್ತಿತ್ತು. ಜರ್ಮನಿಯ ಬೈರಾಯ್ಟ್‌ನ ಇಕ್ಕಟ್ಟು ಇನ್ನೂ ಸೂಕ್ಷ್ಮ. ಅಲ್ಲಿಯ ಉತ್ಸವದಲ್ಲಿ 1876ರಿಂದ ಆಡುವುದು ವಾಗ್ನರ್ ಮಾತ್ರ. 2013ರಲ್ಲಿ ಅವರ ಇನ್ನೂರನೇ ಜಯಂತಿ ಬಂದಾಗ ವಿಶೇಷವಾಗಿ ಏನು ಮಾಡುವುದು? ಅಲ್ಲಿ ಎಂದೂ ಆಡದಿದ್ದ ಅವರ ಆರಂಭದ ಮೂರು ಕೃತಿಗಳನ್ನು ಹೊರತೆಗೆದರು. ಆಡಿಸಿದ್ದು ಮಾತ್ರ ವಾಗ್ನರ್ ಕಟ್ಟಿಸಿದ ರಂಗಮಂದಿರದಲ್ಲಲ್ಲ, ಊರಿನ ಒಳಾಂಗಣ ಕ್ರೀಡಾಂಗಣದಲ್ಲಿ. ಬಡ ನೆಂಟರಿಗೆ ಹಿತ್ತಲಲ್ಲಿ ಎಲೆ.

ನಮ್ಮ ಕಡೆಗೆ ಬಂದರೆ ಸೊನ್ನೆಯ ಜಾಗದಲ್ಲಿ ತಿಥಿ ಇದೆ. ಬೆಂಗಳೂರಿನ ಚಾಮರಾಜಪೇಟೆಯ ರಾಮೋತ್ಸವದಲ್ಲಿ ರಾಮನಿಗೆ ಎಷ್ಟನೆಯ ಹುಟ್ಟುಹಬ್ಬ ಎಂದು ಯಾರೂ ಕೇಳುವುದಿಲ್ಲ. ಫ್ಲೆಕ್ಸಿನ ಮೇಲೆ ಇರುವ ಸಂಖ್ಯೆ ಉತ್ಸವ ನಡೆಸುವ ಮಂಡಳಿಯ ವಯಸ್ಸು. ತ್ಯಾಗರಾಜರದ್ದು ಪುಷ್ಯ ಬಹುಳ ಪಂಚಮಿ, ಪುರಂದರದಾಸರದ್ದು ಪುಷ್ಯ ಅಮಾವಾಸ್ಯೆ. ನಡುವೆ ಹತ್ತು ದಿನ. ಶಾಮಿಯಾನದವನು ಒಮ್ಮೆ ಕಂಬ ನೆಟ್ಟರೆ ಇಬ್ಬರಿಗೂ ಆಯಿತು. ಕರ್ನಾಟಕದ ಊರೂರಿನಲ್ಲಿ ಇಬ್ಬರ ಆರಾಧನೆ ಜೋಡಿಯಾಗಿ ನಡೆಯುವುದಕ್ಕೆ ಭಕ್ತಿ ಒಂದು ಕಾರಣ, ಬಾಡಿಗೆ ಇನ್ನೊಂದು. ಮುತ್ತುಸ್ವಾಮಿ ದೀಕ್ಷಿತರು 1835ರ ನರಕ ಚತುರ್ದಶಿಯಂದು ತೀರಿಕೊಂಡರು. ಪಟಾಕಿಯ ಸದ್ದಿನ ನಡುವೆ ಅವರ ಚೌಕಕಾಲದ ಕೃತಿಯನ್ನು ಕೇಳಿಸಿಕೊಳ್ಳುವುದು ಯೋಗಿಗಳಿಗೆ ಮಾತ್ರ ಸಾಧ್ಯ.

ಆರಾಧನೆಯ ಗೋಷ್ಠಿಗಾಯನವನ್ನು ಕ್ಷೇತ್ರಕಾರ್ಯದ ದೃಷ್ಟಿಯಿಂದ ನೋಡೋಣ. ಜಮಖಾನದ ಮೇಲೆ ಮುಂದಿನ ಸಾಲಿನಲ್ಲಿ ವಿದ್ವಾಂಸರು, ನಡುವೆ ಅವರ ಶಿಷ್ಯರು, ಹಿಂದೆ ರೇಷ್ಮೆ ಸೀರೆ ಉಟ್ಟು ತೊಡೆಯ ಮೇಲೆ ಪುಸ್ತಕ ಬಿಡಿಸಿಕೊಂಡ ಪಾಠದ ಮನೆಯವರು, ಕಂಬದ ಪಕ್ಕ ಮೊಬೈಲಿನಲ್ಲಿ ಸಾಹಿತ್ಯ ಹುಡುಕುತ್ತಿರುವ ಒಬ್ಬ ನಿವೃತ್ತ ಎಂಜಿನಿಯರು. ತ್ಯಾಗರಾಜರ ಪಂಚರತ್ನ ಕೃತಿಗಳಲ್ಲಿ ಮೊದಲನೆಯದು, ನಾಟ ರಾಗ. ಛಾವಣಿ ಹಾರುವಂತೆ ಹಾಡುತ್ತಾರೆ. ಗೌಳದಲ್ಲಿ ಹಿಂದಿನ ಸಾಲು ತಡವರಿಸುತ್ತದೆ. ಆರಭಿಯಲ್ಲಿ ಸಾವರಿಸಿಕೊಳ್ಳುತ್ತದೆ. ನಾಲ್ಕನೆಯದು ವರಾಳಿ. ವರಾಳಿಯನ್ನು ಗುರು ಶಿಷ್ಯನಿಗೆ ನೇರವಾಗಿ ಪಾಠ ಹೇಳಬಾರದೆಂಬ ನಂಬಿಕೆಯಿದೆ. ಆ ನಂಬಿಕೆಯನ್ನು ನಾಡು ಎಷ್ಟು ನಿಷ್ಠೆಯಿಂದ ಪಾಲಿಸಿದೆ ಎಂಬುದು ಆ ಹೊತ್ತಿಗೆ ಎಲ್ಲರಿಗೂ ಕೇಳಿಸುತ್ತದೆ. ಚರಣಗಳು ಮುಗಿಯುವುದೇ ಇಲ್ಲ. ಪಿಟೀಲಿನವರೇ ನೊಗ ಹೊತ್ತು ಎಳೆಯುತ್ತಾರೆ. ಶ್ರೀರಾಗ ಬಂದಾಗ ಹೋದ ಪ್ರಾಣ ಬಂದಂತಾಗಿ ಮತ್ತೆ ಛಾವಣಿ ಹಾರುತ್ತದೆ. ಆಮೇಲೆ ಸಮಿತಿ ಅಧ್ಯಕ್ಷರ ಭಾಷಣ, ಶಾಲು, ಹಾರ, ಕೇಸರಿಬಾತು. ವೈದಿಕದ ಮನೆಯಲ್ಲೂ ಹೀಗೆಯೇ: ಹೆಸರು ಹೇಳಿ ಪಿಂಡ ಇಡುವುದು ಹೋದವರಿಗೆ, ವಡೆ ಪಾಯಸ ಇದ್ದವರಿಗೆ. ಈ ವ್ಯವಸ್ಥೆಯಲ್ಲಿ ತಪ್ಪೇನೂ ಇಲ್ಲ. ಹೋದವರು ಇದುವರೆಗೆ ಆಕ್ಷೇಪಿಸಿಲ್ಲ.

ತಿರುವೈಯಾರಿನಲ್ಲಂತೂ ತ್ಯಾಗರಾಜರ ಒಂದೇ ಸಮಾಧಿಗೆ ಎರಡು ಪಕ್ಷದವರು ಬೇರೆ ಬೇರೆಯಾಗಿ ಆರಾಧನೆ ಮಾಡುತ್ತಿದ್ದರು, ಹೆಂಗಸರಿಗೆ ಎರಡರಲ್ಲೂ ಹಾಡಲು ಅವಕಾಶವಿರಲಿಲ್ಲ. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ತಮ್ಮ ದುಡ್ಡಿನಲ್ಲಿ ಅಲ್ಲಿ ಗುಡಿ ಕಟ್ಟಿಸಿ, ಹೆಂಗಸರದೇ ಮೂರನೆಯ ಪಕ್ಷ ಎಬ್ಬಿಸಿದರು. 1940ರಲ್ಲಿ ಮೂರೂ ಒಂದಾದವು. ಈ ಪ್ರಕರಣದಲ್ಲಿ ಹಾಸ್ಯಕ್ಕೆ ಹೆಚ್ಚು ಜಾಗವಿಲ್ಲ. ಉತ್ಸವವೊಂದು ನಿಜವಾಗಿ ಬದಲಾದದ್ದು ಯಾರ ಶತಮಾನೋತ್ಸವಕ್ಕೂ ಅಲ್ಲ ಎಂದಷ್ಟೇ ಗುರುತುಹಾಕಿ ಮುಂದೆ ಹೋಗೋಣ.

ಭವಿಷ್ಯ ನುಡಿಯದ ಶಾಸ್ತ್ರ ಶಾಸ್ತ್ರವಲ್ಲ. ಆದ್ದರಿಂದ ಒಂದು ಭವಿಷ್ಯ. 2020ರಲ್ಲಿ ಬೀಥೋವನ್‌ಗೆ 250 ತುಂಬಿತು. ಜರ್ಮನಿ ವರ್ಷಗಟ್ಟಲೆ ಸಿದ್ಧತೆ ಮಾಡಿಕೊಂಡಿತ್ತು. ಕೊರೋನಾ ಬಂದು ಸಭಾಂಗಣಗಳಿಗೆ ಬೀಗ ಬಿತ್ತು. ಉತ್ಸವವನ್ನು 2021ರ ಸೆಪ್ಟೆಂಬರಿನವರೆಗೆ ಎಳೆದರೂ ಸಮಾಧಾನವಾಗಲಿಲ್ಲ. ಆದರೆ ಎರಡನೆಯ ಸೂತ್ರ ಕೈಬಿಡುವುದಿಲ್ಲ: ಅವರು ತೀರಿಕೊಂಡದ್ದು 1827ರ ಮಾರ್ಚ್ 26, ಆದ್ದರಿಂದ 2027ರಲ್ಲಿ ಬಾಕಿ ತೀರುತ್ತದೆ. ಅದೇ 1827ರ ಫೆಬ್ರುವರಿ 6ರಂದು ತಂಜಾವೂರಿನಲ್ಲಿ ಶ್ಯಾಮಾಶಾಸ್ತ್ರಿಗಳೂ ತೀರಿಕೊಂಡರು. ಏಳು ವಾರದ ಅಂತರ. ಶಾಸ್ತ್ರದ ಪ್ರಕಾರ ಇಬ್ಬರೂ ಸಮಾನ ಅರ್ಹರು. ಮೂರನೆಯ ಸೂತ್ರದ ಪ್ರಕಾರ ಒಬ್ಬರಿಗೆ ಒಂಬತ್ತೂ ಸಿಂಫನಿ ಖಂಡಖಂಡಗಳಲ್ಲಿ. ಇನ್ನೊಬ್ಬರಿಗೆ ಸಂಗೀತ ತ್ರಿಮೂರ್ತಿಗಳ ಪಟದಲ್ಲಿ ಎಂದಿನ ಜಾಗ, ಜೊತೆಗೆ ಭೈರವಿ ಸ್ವರಜತಿ. ತೋಡಿ, ಯದುಕುಲಕಾಂಭೋಜಿ ಸ್ವರಜತಿಗಳು ಸಮಯವಿದ್ದರೆ.

ಕಡೆಗೆ, ಈ ಶಾಸ್ತ್ರಕ್ಕೆ ಒಗ್ಗದ ಒಂದು ಪ್ರಸಂಗವನ್ನು ಅನುಬಂಧದಲ್ಲಿ ಸೇರಿಸಬೇಕಾಗಿದೆ. ಲಂಡನ್ನಿನಲ್ಲಿ ನಿಕೊಲಾಯ್ ಮೆಡ್ಟ್ನರ್ ಎಂಬ ರಷ್ಯದ ಸಂಯೋಜಕರಿದ್ದರು: ವಯಸ್ಸಾಗಿತ್ತು, ಕೇಳುವವರು ಕಡಿಮೆ. ಮೈಸೂರಿನ ಜಯಚಾಮರಾಜ ಒಡೆಯರ್ ಅವರಿಗೆ ಆ ಸಂಗೀತ ಹಿಡಿಸಿತು. ಮಹಾರಾಜರ ಹಣದಿಂದ ಮೆಡ್ಟ್ನರ್ ಸೊಸೈಟಿ ಹುಟ್ಟಿ, ಸಂಯೋಜಕರೇ ಪಿಯಾನೊ ಮುಂದೆ ಕೂತು ಧ್ವನಿಮುದ್ರಿಕೆಗಳಾದವು. 1950ರಲ್ಲಿ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರೌಸರ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರಯೋಗಕ್ಕೂ ಮೈಸೂರಿನ ಹಣವೇ ಆಸರೆ. ಜಯಂತಿ ಇಲ್ಲ, ತಿಥಿ ಇಲ್ಲ, ಸೊನ್ನೆ ಇಲ್ಲ. ಒಬ್ಬರಂತೂ ಬದುಕೇ ಇದ್ದರು. ಇಂಥ ಶಾಸ್ತ್ರವಿರುದ್ಧ ನಡತೆಗೆ ಪ್ರಾಯಶ್ಚಿತ್ತವೆಂಬಂತೆ 2019ರಲ್ಲಿ ಮಹಾರಾಜರಿಗೇ ನೂರು ತುಂಬಿ, ಅವರ 'ಶ್ರೀವಿದ್ಯಾ' ಮುದ್ರೆಯ ಕೃತಿಗಳು ಕ್ರಮಬದ್ಧವಾಗಿ ಜಯಂತಿಯ ಲೆಕ್ಕಕ್ಕೆ ಸೇರಿದವು.

ಮೆಡ್ಟ್ನರ್ ಹುಟ್ಟಿದ್ದು ರಷ್ಯದ ಹಳೆಯ ಪಂಚಾಂಗದಂತೆ 1879ರ ಡಿಸೆಂಬರ್ 24. ಹೊಸದರಂತೆ 1880ರ ಜನವರಿ 5. ಅವರ 150ನೇ ಜಯಂತಿ 2029ಕ್ಕೋ 2030ಕ್ಕೋ ಎಂದು ಸಮಿತಿ ಇನ್ನೂ ತೀರ್ಮಾನಿಸಬೇಕು. ಅಲ್ಲಿಯವರೆಗೆ ಅವರನ್ನು ನುಡಿಸಲು ಶಾಸ್ತ್ರಸಮ್ಮತವಾದ ಕಾರಣ ಯಾವುದೂ ಇಲ್ಲ.